ಮೆಟ್ಟಿಲಿಗೆ ಬಳಿದ ಅರಿಸಿನ

ಶ್ರೀರಾಂಪುರದ ಆ ಹೊಸ ಮನೆಗೆ ಇಂಟೀರಿಯರ್ ಮಾಡಿಕೊಟ್ಟವನು ನಾನೇ. ಹಾಲ್‌ನಿಂದ ಊಟದ ಜಾಗಕ್ಕೆ ಒಂದೇ ಒಂದು ಮೆಟ್ಟಿಲು ಇಳಿಯಬೇಕು. ಮೇಲೂ ಕೆಳಗೂ ಅದೇ ಬಿಳಿ ಟೈಲ್ಸ್, ಸೀಲಿಂಗ್ ತುಂಬ ಬಿಳಿ ಲೈಟು. ಲೈಟು ಹಾಕಿದರೆ ಅಲ್ಲೊಂದು ಮೆಟ್ಟಿಲಿದೆ ಅಂತಲೇ ತಿಳಿಯುತ್ತಿರಲಿಲ್ಲ. ಅದು ನನಗೆ ಮುಂಚೆಯೇ ಗೊತ್ತಾಗಿತ್ತು, ಆದರೆ ಯಾರಿಗೂ ಹೇಳಿರಲಿಲ್ಲ.

ಗೃಹಪ್ರವೇಶದ ದಿನ ಮನೆಯ ಅಜ್ಜಿ ಒಬ್ಬರೇ ಆ ಕಡೆ ನಡೆದು ಬಂದರು. ಅವರಿಗೆ ಕಣ್ಣು ಮಂಜಾಗಿತ್ತು. ನಾನು ಓಡಿ ಹೋಗುವಷ್ಟರಲ್ಲಿ ಅವರೇ ನಿಂತು, ಕಾಲಲ್ಲಿ ಅಂಚನ್ನು ತಡವಿ ನೋಡಿದರು. ಹೊಸ್ತಿಲಿಗೆಂದು ಕಲಸಿಟ್ಟಿದ್ದ ಅರಿಸಿನ ತರಿಸಿಕೊಂಡು ಮೆಟ್ಟಿಲಿನ ಅಂಚಿಗೆ ಉದ್ದಕ್ಕೂ ಬಳಿದರು.

"ಅಜ್ಜಿ, ಅದು ಹೊಸ್ತಿಲಲ್ಲ" ಅಂದೆ.

"ಗೊತ್ತು ಕಣಪ್ಪ. ಹೊಸ್ತಿಲಾಗಿದ್ರೆ ಕಾಣ್ತಿತ್ತು" ಅಂದರು.

ಮಾರನೆಯ ದಿನ ನನ್ನ ಕೆಲಸದ ಫೋಟೊ ತೆಗೆದುಕೊಳ್ಳಲು ಹೋದೆ. ಹಳದಿ ಗೆರೆಯಿಂದ ಫೋಟೊ ಕೆಡುತ್ತದೆ ಅನ್ನಿಸಿತು. ಅಜ್ಜಿ ದೇವರ ಕೋಣೆಯಲ್ಲಿದ್ದಾಗ ಒದ್ದೆ ಬಟ್ಟೆ ತಂದು ತಿಕ್ಕಿ ತಿಕ್ಕಿ ಒರೆಸಿದೆ. ಎಲ್ಲಿ ಎದ್ದು ಬಂದುಬಿಡುತ್ತಾರೋ ಅಂತ ಮತ್ತೆ ಮತ್ತೆ ಆ ಕಡೆ ತಿರುಗಿ ನೋಡುತ್ತಿದ್ದೆ. ಬಟ್ಟೆ ಬಚ್ಚಿಟ್ಟು, ಲೈಟು ಹಾಕಿ, ಊಟದ ಜಾಗದ ಕಡೆ ನಡೆದೆ. ನೆಲ ನೋಡಿಕೊಂಡೇ ನಡೆದೆ.

ನಾನು ಬಿದ್ದ ಸದ್ದಿಗೆ ಅಜ್ಜಿ ಬಂದರು. ನನ್ನ ಕಾಲು ಉಳುಕಿತ್ತು. ಅವರು ಒಳಗೆ ಹೋಗಿ ಮತ್ತೆ ಅರಿಸಿನ ಕಲಸಿಕೊಂಡು ಬಂದು, ಮೊದಲು ಮೆಟ್ಟಿಲಿಗೆ ಬಳಿದರು. ಉಳಿದದ್ದನ್ನು ನನ್ನ ಕಾಲಿಗೆ ಹಚ್ಚಿದರು.