ಮೂರು ಸಲ ಬದಲಾಯಿಸಿದ ಚರ್ಮದ ಬಳೆ

ಮೂವತ್ತರ ದಶಕದಲ್ಲಿ ನಾನು ಸೋದರಮಾವನ ಬಸ್ಸು ಓಡಿಸುತ್ತಿದ್ದೆ. ಸಿದ್ದಾಪುರದಿಂದ ಹೊರಟು, ಶಿರಸಿಯಲ್ಲಿ ನಿಂತು, ಯಲ್ಲಾಪುರ ಮುಟ್ಟುವ ಬಸ್ಸು ಅದು. ಶಿರಸಿಯ ನಮ್ಮ ಶೆಡ್ಡಿನಲ್ಲಿ ಹಾವೇರಿ ಕಡೆಯ ಒಬ್ಬ ಮೇಸ್ತ್ರಿ ರಿಪೇರಿ ಕೆಲಸಕ್ಕಿದ್ದ. ಹಿಂದೆ ಎತ್ತಿನ ಗಾಡಿಗಳ ಗಾಲಿಗೆ ಕಬ್ಬಿಣದ ಪಟ್ಟಿ ಹೊಡೆಯುತ್ತಿದ್ದವನು, ಬಸ್ಸಿನ ಕೆಲಸವನ್ನು ನೋಡಿ ನೋಡಿಯೇ ಕಲಿತಿದ್ದ.

ಮಳೆಗಾಲದಲ್ಲಿ ಬಸ್ಸು ಶೆಡ್ಡಿನಲ್ಲೇ ನಿಂತಿತ್ತು. ದೀಪಾವಳಿಯ ಹೊತ್ತಿಗೆ ಮತ್ತೆ ಓಡಿಸಿದಾಗ ಡಿಫರೆನ್ಶಿಯಲ್ ಸೋರತೊಡಗಿತು. ಹಿಂದಿನ ಎರಡು ಗಾಲಿಗಳ ನಡುವೆ ಇರುವ ಆ ಕಬ್ಬಿಣದ ಗುಂಡಿನೊಳಗೆ ಹಲ್ಲಿನ ಚಕ್ರಗಳು ದಪ್ಪ ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ. ಎಣ್ಣೆ ಬತ್ತಿದರೆ ಹಲ್ಲು ಸುಟ್ಟು ಗಾಡಿ ದಾರಿಯಲ್ಲೇ ಕೂರುತ್ತದೆ.

ಮೇಸ್ತ್ರಿ ಗುಂಡನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಸುಣ್ಣದ ಪುಡಿ ಉದುರಿಸಿ, ಬಸ್ಸನ್ನು ಒಂದು ಸುತ್ತು ಓಡಿಸಿಕೊಂಡು ಬಾ ಎಂದ. ಬಂದು ನೋಡಿದರೆ ಎಂಜಿನ್ನಿನಿಂದ ಬರುವ ಉದ್ದನೆಯ ದಂಡ ಗುಂಡಿನೊಳಕ್ಕೆ ಹೊಗುವಲ್ಲಿ ಮಾತ್ರ ಸುಣ್ಣ ಒದ್ದೆಯಾಗಿತ್ತು. ಅಲ್ಲಿ ಎಣ್ಣೆ ತಡೆಯಲು ಒಂದು ಚರ್ಮದ ಬಳೆ ಇರುತ್ತದೆ. ನಿಂತು ನಿಂತು ಚರ್ಮ ಒಣಗಿರಬೇಕು ಎಂದು ಇಬ್ಬರೂ ಒಪ್ಪಿಕೊಂಡೆವು. ಅವನು ಹೊಸ ಚರ್ಮ ಕತ್ತರಿಸಿ, ಎರಡು ದಿನ ಎಣ್ಣೆಯಲ್ಲಿ ನೆನೆಸಿ ಕೂರಿಸಿದ. ವಾರದಲ್ಲಿ ಅದೂ ಸೋರಿತು. ಇನ್ನೊಂದು ಹಾಕಿದ. ಅದೂ ಅಷ್ಟೇ. ಬಿಚ್ಚಿದ ಬಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಚರ್ಮ ಸರಿ ಐತ್ರಿ. ಎಣ್ಣಿ ಯಾಕ ಹೊರಗ ದಬ್ಬತೈತೋ ನನಗ ತಿಳಿವಲ್ದು" ಎಂದ.

ತಿಳಿಯುವುದಿಲ್ಲ ಎಂದು ಒಪ್ಪಿಕೊಂಡವನನ್ನು ನಾನು ಕೆಲಸ ಬಾರದವನೆಂದು ತಿಳಿದೆ. ಮಾವ ವಿಚಾರಿಸಿದಾಗ ಹೇಳಿಯೂಬಿಟ್ಟೆ: "ಅವಂಗೆ ಈ ಕೆಲಸ ಬತ್ತಿಲ್ಲೆ." ಮಾವ ಹೆಚ್ಚು ಕೇಳದೆ ಅವನನ್ನು ಕೆಲಸದಿಂದ ಬಿಡಿಸಿದರು. ಮರುದಿನ ಮೇಸ್ತ್ರಿ ತನ್ನ ಹತಾರಗಳನ್ನು ಗೋಣಿಯಲ್ಲಿ ಕಟ್ಟಿಕೊಂಡು ನನ್ನದೇ ಬಸ್ಸಿನಲ್ಲಿ ಯಲ್ಲಾಪುರಕ್ಕೆ ಹೋದ. ಅಲ್ಲಿ ಮರದ ನಾಟಾ ಸಾಗಿಸುವ ಲಾರಿಗಳ ಕೆಲಸ ಸಿಕ್ಕಿತೆಂದು ಆಮೇಲೆ ಕೇಳಿದೆ.

ಸಿದ್ದಾಪುರದ ಇನ್ನೊಬ್ಬನಿಂದ ಮೂರನೆಯ ಬಳೆ ಹಾಕಿಸಿದೆ. ಹತ್ತೇ ದಿನ. ಯಲ್ಲಾಪುರದ ದಾರಿಯ ಒಂದು ಏರಿನ ಮೇಲೆ, ಬಸ್ಸು ತುಂಬ ಜನರಿರುವಾಗ, ಎಣ್ಣೆ ಸುಟ್ಟ ವಾಸನೆ ಬಂತು. ನಿಲ್ಲಿಸಿ, ಅಡಿಗೆ ನುಸುಳಿ, ಎಣ್ಣೆ ಎಷ್ಟಿದೆ ನೋಡಲೆಂದು ಗುಂಡಿನ ಬಿರಡೆ ತಿರುಗಿಸಿದೆ. ಬಿರಡೆ ಸಡಿಲವಾದೊಡನೆ ಬಿಸಿ ಗಾಳಿ ಬುಸ್ಸೆಂದು ಮುಖಕ್ಕೆ ಬಡಿಯಿತು.

ಬಿಸಿಗೆ ಉಬ್ಬಿದ ಗಾಳಿ ಹೋಗಲು ಗುಂಡಿನ ನೆತ್ತಿಯಲ್ಲಿ ಒಂದು ಕಿಂಡಿ ಇರಬೇಕಲ್ಲ ಎಂದು ಆಗ ಹೊಳೆಯಿತು. ಬೆರಳಾಡಿಸಿದೆ, ಟಾರು ತಗುಲಿತು. ಕಿಂಡಿ ಮುಚ್ಚಿದ್ದರಿಂದ ಒಳಗಿನ ಗಾಳಿಯೇ ಬಳೆಯ ಸಂದಿನಿಂದ ಎಣ್ಣೆಯನ್ನು ಹೊರಗೆ ದಬ್ಬುತ್ತಿತ್ತು. ಆ ಟಾರು ನಾನೇ ಬಳಿದದ್ದು. ತುಕ್ಕು ಹಿಡಿಯಬಾರದೆಂದು ಮಳೆಗಾಲದಲ್ಲಿ ಬಸ್ಸಿನ ಅಡಿಯನ್ನೆಲ್ಲ ನನ್ನ ಕೈಯಾರೆ ಬಳಿದಿದ್ದೆ. ಬಸ್ಸಿನಲ್ಲಿದ್ದ ಒಬ್ಬ ಹೆಂಗಸು ತಲೆಯ ಪಿನ್ನು ಕೊಟ್ಟಳು. ಕೆರೆದಾಗ ಭತ್ತದ ಕಾಳಿನಷ್ಟು ಕಿಂಡಿ ತೆರೆಯಿತು. ಎಣ್ಣೆ ತುಂಬಿಸಿ ಹೊರಟೆ. ಯಲ್ಲಾಪುರ ಮುಟ್ಟುವವರೆಗೆ ಒಂದು ಹನಿಯೂ ಬೀಳಲಿಲ್ಲ.

ಬಸ್ಸು ನಿಲ್ಲಿಸಿ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದೆ. ಲಾರಿಯೊಂದರ ಗಾಲಿ ಬಿಚ್ಚುತ್ತಿದ್ದ. ನಡೆದದ್ದನ್ನೆಲ್ಲ ಹೇಳಿದೆ. ಕಿಂಡಿ ಎಲ್ಲಿತ್ತು, ಎಷ್ಟು ದೊಡ್ಡದು ಎಂದು ಮೊದಲು ಕೇಳಿ ತಿಳಿದುಕೊಂಡ. ಆಮೇಲೆ, "ನಿಮ್ಮ ಮಾವಗ ಹೇಳೀರೇನು?" ಎಂದ.

ಇಲ್ಲ ಎಂದೆ.

"ಅವರಿಗೆ ಹೇಳ್ರಿ. ನನಗ ಹೇಳಿದ್ರ ಏನಾತು?"

ಆ ವಾರವೇ ಮಾವನಿಗೆ ಹೇಳಿದೆ. ಮಾವ ಬೈಯಲಿಲ್ಲ, ಮೇಸ್ತ್ರಿಗೆ ಮರಳಿ ಬಾ ಎಂದು ನನ್ನ ಕೈಯಲ್ಲೇ ಹೇಳಿ ಕಳಿಸಿದರು. ಅವನು ಬರಲಿಲ್ಲ. ಯಲ್ಲಾಪುರದ ಕೆಲಸ ತನಗೆ ಒಗ್ಗಿದೆ ಎಂದಷ್ಟೇ ಅಂದ. ಬಸ್ಸು ಮಾರುವವರೆಗೂ ಆ ಮೂರನೆಯ ಬಳೆ ಮತ್ತೆ ಸೋರಲಿಲ್ಲ.