ಕೆಂಪು ಕಡಲು, ಅಪ್ಪನ ಕೈಗುಣ

ನನ್ನ ಸಿಟ್ಟು ಅಪ್ಪನಿಂದಲೇ ಬಂದದ್ದು. ಆತ ಬನಹಟ್ಟಿಯಲ್ಲಿ ನೇಕಾರರ ನೂಲಿಗೆ ಬಣ್ಣ ಹಾಕುತ್ತಿದ್ದ. ಬಣ್ಣ ಒಂದು ಚೂರು ಕೆಟ್ಟರೂ ಅವತ್ತು ಮನೆಯಲ್ಲಿ ಯಾರೂ ಉಸಿರೆತ್ತುವಂತಿರಲಿಲ್ಲ. ಆದರೆ ಅವನ ಕೈ ಮೇಲೆ ಓಣಿಗೇ ಭರವಸೆ. ಬಿಳಿ ಎಳೆಯೊಂದನ್ನು ಬಣ್ಣದ ಹಂಡೆಯಲ್ಲಿ ಅದ್ದಿ, ಬಿಸಿಲಿಗೆ ಹಿಡಿದು, "ಆತು, ಇಳಸ್ರಿ" ಅಂದನೆಂದರೆ ಮುಗಿಯಿತು, ನೂಲೆಲ್ಲ ಹಂಡೆಗೆ ಇಳಿಯುತ್ತಿತ್ತು.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ನಮ್ಮ ಸೀಮೆಯ ಅನಗವಾಡಿ ಕಡೆ ಏರಿದ ಕೆಲವು ವರ್ಷಗಳ ಮೇಲೆ ನಾನು ಓದಲು ಕರಾವಳಿಗೆ ಹೋದೆ. ಅಲ್ಲಿ ಒಮ್ಮೊಮ್ಮೆ ಕಡಲು ಕೆಂಪಾಗುತ್ತದೆ. ಬರಿಗಣ್ಣಿಗೆ ಕಾಣದ ಜೀವಿಗಳು ಕೋಟಿಗಟ್ಟಲೆ ಹೆಚ್ಚಿ ನೀರಿನ ಬಣ್ಣವನ್ನೇ ಬದಲಿಸಿಬಿಡುತ್ತವೆ. ಫೋನಿನಲ್ಲಿ ಇದನ್ನು ಹೇಳಿದರೆ ಅಪ್ಪ, "ಯಾರ್ ಬಿಟ್ಟಾರ ಬೇ ಅಷ್ಟ್ ಬಣ್ಣದ ನೀರು?" ಎಂದು ಕೇಳಿದ.

ನನ್ನ ಕೆಲಸ ಆ ಜೀವಿಗಳ ಒಳಹೊಕ್ಕು ತಿನ್ನುವ ಪರಾವಲಂಬಿಯೊಂದರ ಅಧ್ಯಯನ. ಅದು ಒಳಗೇ ಬೆಳೆದು, ಎರಡು ಮೂರು ದಿನಕ್ಕೆ ಆ ಜೀವಿಯನ್ನೇ ಒಡೆದುಕೊಂಡು, ಮಗ್ಗದ ಕಂಡಿಕೆಗೆ ಸುತ್ತಿದ ನೂಲು ಬಿಚ್ಚಿದ ಹಾಗೆ ಉದ್ದಕ್ಕೆ ಹೊರಬಂದು ಈಜುತ್ತದೆ. ಅದನ್ನು ಅಪ್ಪನಿಗೆ ತೋರಿಸುವ ಹುಚ್ಚು ನನಗೆ ಹತ್ತಿತ್ತು. ನೂಲು ಬಿಟ್ಟು ಕಡಲಿಗೆ ಬಂದ ಮಗಳ ಕೆಲಸವನ್ನು ಆತ ಕಣ್ಣಾರೆ ಕಂಡು, ಒಮ್ಮೆ "ಛಲೋ ಐತಿ" ಅನ್ನಬೇಕಿತ್ತು. ನನಗೆ ಅಷ್ಟೇ ಬೇಕಿತ್ತು.

ಕರೆದಾಗ ಅಪ್ಪ ಬಂದ, ರೊಟ್ಟಿ ಮತ್ತು ಶೇಂಗಾ ಚಟ್ನಿಯ ಗಂಟು ಹಿಡಿದುಕೊಂಡು. ಅವನನ್ನು ಪ್ರಯೋಗಾಲಯದಲ್ಲಿ ಕೂರಿಸಿ, ಸೂಕ್ಷ್ಮದರ್ಶಕದ ಕೋಣೆಯ ಕೀಲಿ ತರಲು ಹೋದೆ. ತಿರುಗಿ ಬಂದರೆ ಅಪ್ಪ ನಾನು ಆ ಜೀವಿಗಳನ್ನೂ ಪರಾವಲಂಬಿಯನ್ನೂ ಸಾಕಿದ್ದ ಗಾಜಿನ ಬಾಟಲಿಯ ಮುಚ್ಚಳ ತೆಗೆದು, ಜೇಬಿನಲ್ಲಿದ್ದ ಬಿಳಿ ಎಳೆಯನ್ನು ಆ ಕಾವಿ ನೀರಿನಲ್ಲಿ ಅದ್ದಿ, ಕಿಟಕಿಯ ಬಿಸಿಲಿಗೆ ಹಿಡಿದು ನಿಂತಿದ್ದ.

"ಬಣ್ಣ ಹಿಡೀವಲ್ದು ನೋಡ ಇದು," ಎಂದ.

ಬಾಟಲಿಯ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಒಂದೂ ಮಿಸುಕಲಿಲ್ಲ. ವರ್ಷವಿಡೀ ನಾನು ಜೋಪಾನ ಮಾಡಿದ ಜೀವಿಗಳವು. "ಎಲ್ಲಾ ಸತ್ತಾವು. ನಿನ್ನ ಕೈಲೇ ಸತ್ತಾವು," ಎಂದು ಕಿರುಚಿದೆ. ಅಪ್ಪ ಒದ್ದೆ ಎಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು, "ತಪ್ಪಾತವಾ," ಎಂದ. ಮಧ್ಯಾಹ್ನದ ಬಸ್ಸಿಗೇ ಊರಿಗೆ ಹೊರಟುಬಿಟ್ಟ.

ಮರುದಿನ ತಲೆ ತಣ್ಣಗಾದ ಮೇಲೆ ಯೋಚಿಸಿದೆ. ಒಂದು ಎಳೆ ಅದ್ದಿದರೆ ಅಷ್ಟು ಬೇಗ ಎಲ್ಲವೂ ಸಾಯುವುದಿಲ್ಲ. ಪರಾವಲಂಬಿಗೆ ಮೂರು ನಾಲ್ಕು ದಿನಕ್ಕೊಮ್ಮೆ ಹೊಸ ಜೀವಿಗಳನ್ನು ಕೊಡಬೇಕು, ಇಲ್ಲದಿದ್ದರೆ ಇದ್ದುದನ್ನೆಲ್ಲ ತಿಂದು ಕೊನೆಗೆ ತಾನೂ ಸಾಯುತ್ತದೆ. ಅಪ್ಪ ಬರುತ್ತಾನೆಂದು ಕೋಣೆ ಒರೆಸಿ, ಹಾಸಿಗೆ ಹೊಂದಿಸಿ ಕುಣಿದಾಡಿದ ನಾನು ಅದನ್ನೇ ಮರೆತಿದ್ದೆ. ನೀರಿನಲ್ಲಿ ಉಳಿದಿದ್ದ ಕಾವಿ ಸತ್ತವುಗಳದ್ದು.

ಅವತ್ತೇ ಹೇಳಬೇಕಿತ್ತು. ಫೋನು ಮಾಡಿದಾಗಲೆಲ್ಲ ಮಳೆಯ ಮಾತಾಡಿದೆ, ನೂಲಿನ ಮಾತಾಡಿದೆ. ಸೊಕ್ಕು ನನಗೆ. ಊರಿಗೆ ಹೋದಾಗ ಎದುರಿಗೇ ಹೇಳಿದರಾಯಿತು ಅಂದುಕೊಂಡೆ. ಹೋದದ್ದು ಅವನನ್ನು ಮಣ್ಣು ಮಾಡುವ ದಿನ.

ಮೂರನೆಯ ದಿನ ಅವ್ವ ಹೇಳಿದಳು: "ನಿಮ್ಮಪ್ಪ ನಿನ್ನ ಕಡಿಂದ ಬಂದ ಮ್ಯಾಲೆ ಹಂಡ್ಯಾಗ ಕೈ ಹಾಕಲೇ ಇಲ್ಲ ನೋಡವಾ. ಮಂದಿ ಕರ್ಯಾಕ ಬಂದ್ರ, ನನ್ನ ಕೈಗುಣ ಛಲೋ ಇಲ್ಲ, ಬ್ಯಾರೇದವರನ್ನ ನೋಡ್ರಿ ಅಂತಿದ್ರು."

ಅಪ್ಪ ಒಮ್ಮೆ ಎದುರಿಗೆ ಬಂದು ಕೂತರೆ ಸಾಕು, ನನ್ನ ಕೆಲಸ ನೋಡುವುದೂ ಬೇಡ, ಹೊಗಳುವುದೂ ಬೇಡ. ನೀನು ಬರುವ ಮೊದಲೇ ಅವು ಸತ್ತಿದ್ದವು ಎಂದು ಹೇಳಬೇಕು.