ಪೀಣ್ಯದಲ್ಲಿ ಕಂಡ ಪಾದದ ಕೀಲು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ಹೇಳುತ್ತಾರೆ, ಕಾಲೇಜಿನವರೂ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಆ ಮಂಗಳವಾರ ಪೀಣ್ಯದ ಕಾರ್ಖಾನೆಯಲ್ಲಿ, ಬರಲೇಬೇಕಾಗಿದ್ದ ಹೊತ್ತಿನಲ್ಲಿ, ಆ ಹಾಳು ಕೋಪ ಬರಲೇ ಇಲ್ಲ. ಬಂದಿದ್ದರೆ ಯಾರನ್ನಾದರೂ ಚೆನ್ನಾಗಿ ಬೈದು ಮನೆಗೆ ಹೋಗಿ ಮಲಗುತ್ತಿದ್ದೆ.

ನಾನು ಭೂವಿಜ್ಞಾನ ಪಾಠ ಹೇಳುವವಳು. ಮನೆ ಜಾಲಹಳ್ಳಿಯಲ್ಲಿ. ಪಾಠ ಹೊಟ್ಟೆಪಾಡಿಗೆ, ಪಳೆಯುಳಿಕೆ ನನ್ನ ಹುಚ್ಚು. ಬಹಳ ವರ್ಷಗಳ ಹಿಂದೆ ಗೋದಾವರಿ ಕಡೆಯ ಕೆಂಪು ಕಲ್ಲಿನಲ್ಲಿ ನನಗೊಂದು ಸರೀಸೃಪ ಸಿಕ್ಕಿತ್ತು. ಉಡದಷ್ಟು ಗಾತ್ರ, ಡೈನೋಸಾರ್‌ಗಳು ಇನ್ನೂ ದೊಡ್ಡವಾಗುವ ಮುಂಚಿನ ಕಾಲದ್ದು. ಬಾಯಲ್ಲಿ ಒಂದೇ ಒಂದು ಹಲ್ಲಿಲ್ಲ, ಗಿಳಿಯ ಹಾಗೆ ಕೊಕ್ಕು. ಪಾಪ, ಹಿಂಗಾಲುಗಳನ್ನು ಹೊಟ್ಟೆಯಡಿ ಮಡಚಿಕೊಂಡೇ ಸತ್ತಿತ್ತು.

ಕೊಕ್ಕಿನ ಸರೀಸೃಪಗಳ ಒಂದು ಗುಂಪು ವಿಜ್ಞಾನಕ್ಕೆ ಆಗಲೇ ಗೊತ್ತಿದೆ. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಕಲ್ಲನ್ನು ಒಂದು ಸಲ ತಿರುಗಿಸಿ ನೋಡಿ, "ಇದೂ ಅದೇ ಕಣಮ್ಮ, ಹೊಸದೇನಿಲ್ಲ" ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಸೊಂಟದ ಮೂಳೆ ನೋಡಿದರೆ ಅದು ಆ ಗುಂಪಿನದಲ್ಲ, ಮೊಸಳೆಯ ಕುಲದ್ದು ಎಂದು ನನಗನಿಸಿತ್ತು. ಮೊಸಳೆಯ ಕುಲದಲ್ಲಿ ಗಿಳಿಕೊಕ್ಕು! ಕೇಳಿದವರೆಲ್ಲ ನಕ್ಕರು.

ನಗುವವರ ಬಾಯಿ ಮುಚ್ಚಿಸಬೇಕಾದದ್ದು ಪಾದದ ಕೀಲು. ಮೊಸಳೆಯ ಕುಲದಲ್ಲಿ ಆ ಕೀಲಿನ ಒಂದು ಮೂಳೆಗೆ ಗುಬುಟು, ಇನ್ನೊಂದಕ್ಕೆ ಗುಳಿ. ಒಂದರೊಳಗೊಂದು ಕೂತು ತಿರುಗುತ್ತವೆ. ಕೊಕ್ಕಿನ ಗುಂಪಿನಲ್ಲಿ ಹಾಗಿಲ್ಲ. ಕೀಲು ತೋರಿಸಿದರೆ ಹೊಸ ಪ್ರಾಣಿ, ಅದಕ್ಕೊಂದು ಹೊಸ ಹೆಸರು. ತೋರಿಸದಿದ್ದರೆ ನನ್ನದು ಬರೀ ಹಟ. ಆದರೆ ಆ ಕೀಲು ಪಕ್ಕೆಲುಬುಗಳ ಕೆಳಗೆ, ಕಲ್ಲಿನ ಹೊಟ್ಟೆಯೊಳಗಿತ್ತು. ಕೊರೆದರೆ ಎಲುಬೆಲ್ಲ ಪುಡಿ. ಆಸ್ಪತ್ರೆಯ ಸ್ಕ್ಯಾನಿನ ಕಿರಣ ಆ ಕಲ್ಲನ್ನು ದಾಟಲೇ ಇಲ್ಲ.

ಆಗ ನೆನಪಾದವನು ನನ್ನ ಹಳೆಯ ವಿದ್ಯಾರ್ಥಿ. ಪೀಣ್ಯದಲ್ಲಿ ವಿಮಾನದ ಬಿಡಿಭಾಗ ಎರಕ ಹೊಯ್ಯುವ ಕಾರ್ಖಾನೆಯಲ್ಲಿ ಅವನಿದ್ದ. ಲೋಹದೊಳಗಿನ ಬಿರುಕನ್ನೂ ತೋರಿಸುವ ಭಾರಿ ಸ್ಕ್ಯಾನರ್ ಅವನ ಕೈಯಲ್ಲಿತ್ತು. "ಮಂಗಳವಾರ ತನ್ನಿ ಮೇಡಂ, ಮೆಷಿನ್ ಸ್ವಲ್ಪ ಫ್ರೀ ಇರತ್ತೆ, ಮಾಡ್ಕೊಡ್ತೀನಿ" ಎಂದ. ಮೆಷಿನ್ನಿನಲ್ಲಿ ತಿರುಗುವಾಗ ಅಲುಗಬಾರದೆಂದು ಕಲ್ಲಿಗೆ ಸುತ್ತಲೂ ಪ್ಲಾಸ್ಟರ್ ಮೆತ್ತಿದೆ. ಬೆಳ್ಳಗಿನ ಆ ಉಂಡೆಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋದೆ. "ಹಂಪ್ ಇದೆ, ನಿಧಾನ ಕಣಪ್ಪ" ಎಂದು ಹೇಳಿ ಹೇಳಿ ಆಟೋದವನ ತಲೆ ತಿಂದೆ. ಕಾರ್ಖಾನೆಯ ಗೇಟಿನಲ್ಲಿ ಮೊಬೈಲ್ ಇಸಿದುಕೊಂಡು ಒಳಗೆ ಬಿಟ್ಟರು. ಅಲ್ಲಿ ಎಲ್ಲರಿಗೂ ಅದೇ ನಿಯಮ.

"ಮೊದ್ಲು ಒಂದು ರಫ್ ನೋಡ್ಬಿಡೋಣ ಮೇಡಂ. ಊಟ ಆದ್ಮೇಲೆ ಪೂರ್ತಿ ಹಾಕಿ ಸೇವ್ ಮಾಡ್ಕೊಡ್ತೀನಿ" ಎಂದ ಹುಡುಗ. ಪರದೆಯ ಮೇಲೆ ಪಕ್ಕೆಲುಬು ಬಂತು, ತೊಡೆಯ ಮೂಳೆ ಬಂತು, ಆಮೇಲೆ ಪಾದ. ಗುಬುಟು, ಗುಳಿ, ನಡುವೆ ಕೂದಲೆಳೆಯಷ್ಟು ಸಂದು.

"ಬಾಲ್ ಜಾಯಿಂಟ್ ಇದ್ದಂಗಿದೆಯಲ್ಲ ಮೇಡಂ?"

"ಅದೇ ಕಣೋ! ಅದೇ!" ಎಂದು ಅವನ ಬೆನ್ನಿಗೆ ಗುದ್ದಿದೆ. ಹೊಟ್ಟೆಗೆ ಹಾಲು ಹುಯ್ದಂತಾಯಿತು. ಅಷ್ಟರಲ್ಲಿ ಯಾವುದೋ ಅರ್ಜೆಂಟ್ ಪೀಸ್ ಬಂತು. ನನ್ನ ಕಲ್ಲನ್ನು ಇಳಿಸಿ ಪಕ್ಕದ ಟ್ರಾಲಿಯಲ್ಲಿಟ್ಟು, ಆ ಪೀಸನ್ನು ಮೆಷಿನ್ನಿಗೆ ಹಾಕಿ, ಇಬ್ಬರೂ ಕ್ಯಾಂಟೀನಿಗೆ ಹೋದೆವು. ದಾರಿಯಲ್ಲಿ ಅವನು ಎರಕದ ಕೆಲಸ ವಿವರಿಸಿದ. ಬಿಳಿ ಮಣ್ಣಿನ ಚಿಪ್ಪಿನೊಳಗೆ ಲೋಹ ಹೊಯ್ಯುತ್ತಾರೆ, ಆರಿದ ಮೇಲೆ ಸುತ್ತಿಗೆಯಿಂದ ಚಿಪ್ಪು ಒಡೆದು ಪೀಸ್ ಹೊರಗೆ ತೆಗೆಯುತ್ತಾರೆ. ನಾನು ಹೂಂಗುಟ್ಟಿದೆ. ನನ್ನ ಧ್ಯಾನವೆಲ್ಲ ಹೆಸರಿನ ಮೇಲಿತ್ತು. ಕೊಕ್ಕಿನಿಂದ ಹೆಸರಿಡಲೋ, ಕಾಲಿನಿಂದಲೋ ಎಂದು ಯೋಚಿಸುತ್ತಾ ಚಿತ್ರಾನ್ನ ಎರಡನೇ ಸಲ ಹಾಕಿಸಿಕೊಂಡೆ.

ವಾಪಸ್ಸು ಬಂದಾಗ ಟ್ರಾಲಿ ಅಲ್ಲಿರಲಿಲ್ಲ. ಗೋಡೆಯ ಆಚೆ ಠಣ್ ಠಣ್ ಎಂದು ಸುತ್ತಿಗೆಯ ಸದ್ದು. ಹುಡುಗ ಓಡಿದ, ಹಿಂದೆ ನಾನೂ ಓಡಿದೆ.

ಚಿಪ್ಪು ಒಡೆಯುವವನು ಯಾದಗಿರಿ ಕಡೆಯವನು. ಐವತ್ತರ ಆಸುಪಾಸು, ಲಗ್ಗೆರೆಯಲ್ಲಿ ರೂಮು ಮಾಡಿಕೊಂಡಿದ್ದವನು. ಬೆಳ್ಳಗಿನ ಉಂಡೆಯಿರುವ ಟ್ರಾಲಿ ಕಂಡರೆ ಎಳೆದುಕೊಂಡು ಹೋಗಿ ಒಡೆಯುವುದೇ ಅವನ ಕೆಲಸ. ನಾವು ಹೋದಾಗ ಅವನು ಕೆಂಪು ಪುಡಿಯಲ್ಲಿ ಕೈಯಾಡಿಸುತ್ತಾ ಏನನ್ನೋ ಹುಡುಕುತ್ತಿದ್ದ.

"ಇದರಾಗ ಪೀಸೇ ಇಲ್ರೀ ಸರ್" ಎಂದು ಹುಡುಗನ ಮುಖ ನೋಡಿ ಹೇಳಿದ. "ಎಷ್ಟ್ ಬಡದ್ರೂ ಬರೇ ಕಲ್ಲೇ ಬರಾಕತ್ತದ."

ಬೈಯಲು ಬಾಯಿ ತೆರೆದೆ. ಯಾರನ್ನು ಬೈಯಲಿ? ಇವನು ದಿನಾ ಮಾಡುವ ಕೆಲಸವನ್ನು ದಿನಾ ಮಾಡುವ ಹಾಗೇ ಮಾಡಿದ್ದಾನೆ. ಹುಡುಗನ ಕಣ್ಣಲ್ಲಿ ಆಗಲೇ ನೀರು. ಅಲ್ಲೇ ನೆಲದ ಮೇಲೆ ಕುಸಿದು ಕೂತೆ. ಅಷ್ಟು ಅಸಹಾಯಕಳಾಗಿ ನಾನು ಮನೆಯವರಿಗೆ ಹುಷಾರಿಲ್ಲದಾಗ ಆಸ್ಪತ್ರೆಯ ಬಾಗಿಲಲ್ಲೂ ಕೂತವಳಲ್ಲ.

ವಿಷಯ ಗೊತ್ತಾದ ಮೇಲೆ ಆ ಮನುಷ್ಯನೂ ಮಂಡಿಯೂರಿ ನನ್ನ ಜೊತೆ ಆರಿಸತೊಡಗಿದ. ಸಂಜೆಯವರೆಗೂ ಮೂವರೂ ಜರಡಿ ಹಿಡಿದೆವು. ಪಾದವಿದ್ದ ಕಡೆ ಏಟು ನೇರವಾಗಿ ಬಿದ್ದಿತ್ತು. ಅಲ್ಲಿ ಸಿಕ್ಕಿದ್ದು ರವೆಯಂಥ ಚೂರು. ಸೊಂಟವೂ ಅಷ್ಟೇ. ಒಂದು ಗೀರೂ ಇಲ್ಲದೆ ಉಳಿದದ್ದು ಯಾವುದು ಗೊತ್ತೇ? ಆ ಕೊಕ್ಕು. ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಸ್ಕ್ಯಾನ್?" ಎಂದೆ.

"ರಫ್ ಇತ್ತಲ್ಲ ಮೇಡಂ, ಮುಂದಿನ ಪೀಸ್ ಹಾಕಿದ ತಕ್ಷಣ ಅಳಿಸೋಗತ್ತೆ" ಎಂದ ಹುಡುಗ. "ಬೇಕಾದ್ರೆ ನಾನೂ ನೋಡ್ದೆ ಅಂತ ಬರ್ದು ಕೊಡ್ತೀನಿ."

ಅಯ್ಯೋ ಮಗಾ, ನಮ್ಮ ವಿದ್ಯೆಯಲ್ಲಿ ನೋಡಿದೆ ಎಂದರೆ ಆಗುವುದಿಲ್ಲ. ಬೇರೆಯವರೂ ಬಂದು ನೋಡಲು ಅಲ್ಲೊಂದು ಮೂಳೆ ಇರಬೇಕು.

ಗೇಟಿನಲ್ಲಿ ಮೊಬೈಲ್ ತೆಗೆದುಕೊಳ್ಳುವಾಗ ಯಾದಗಿರಿಯವನು ಹಿಂದೆಯೇ ಬಂದು ನಿಂತ. "ಅದು ಏನಿತ್ರೀ ಮೇಡಂ?" ಎಂದು ಮೆಲ್ಲಗೆ ಕೇಳಿದ.

"ಮೊಸಳೆ ಕುಲದ್ದಪ್ಪ. ಗಿಳಿಕೊಕ್ಕಿನ ಮೊಸಳೆ."

"ಹೌದೇನ್ರೀ!" ಎಂದು ತಲೆಯ ಮೇಲೆ ಕೈಯಿಟ್ಟುಕೊಂಡ. ಮೂಳೆ ತೋರಿಸು ಎನ್ನದೆ ಆ ಮಾತನ್ನು ನಂಬಿದವನು ಇವತ್ತಿಗೂ ಅವನೊಬ್ಬನೇ.

ಆ ಕೊಕ್ಕು ಈಗ ನಮ್ಮ ಕಾಲೇಜಿನ ಗಾಜಿನ ಬೀರುವಿನಲ್ಲಿದೆ. ಹಿರಿಯ ಸಹೋದ್ಯೋಗಿ ಬಂದು ನೋಡಿ, "ಹೋಗ್ಲಿ ಬಿಡಮ್ಮ" ಎಂದರು. ಜಗಳವಾಡಿದ್ದರೇ ವಾಸಿಯಿತ್ತು. ಕೆಳಗೊಂದು ಚೀಟಿ ಅಂಟಿಸಬೇಕಾಗಿತ್ತು. ನಾಳೆ ಯಾವುದೋ ಮಗು ಈ ಕೊಕ್ಕೊಂದನ್ನೇ ತಂದು ಇದು ಯಾವ ಗುಂಪಿನದು ಮೇಡಂ ಎಂದರೆ ನಾನು ಏನು ಹೇಳುತ್ತೇನೋ, ಅದನ್ನೇ ಬರೆಯಬೇಕು. ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಕೊನೆಗೆ ಅವರು ಹೇಳಿದ್ದ ಆ ಹಳೆಯ ಗುಂಪಿನ ಹೆಸರನ್ನೇ ನನ್ನ ಕೈಯಾರೆ ಬರೆದು ಅಂಟಿಸಿದೆ.